ಸರದಿಯ ಬಿಲ್ಲೆ

“ಇವತ್ತು ಯಾರ ಸರದಿ?”

ಅಕ್ಕ ಕೇಳಿದ್ದು ಅವನನ್ನಲ್ಲ, ಅವನ ಹೆಂಡತಿಯನ್ನೂ ಅಲ್ಲ. ಹಾಸಿಗೆಯ ಅಂಚಿಗೆ ಕೂತು, ಸ್ವಾಧೀನ ತಪ್ಪಿದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ದಿನವೂ ಬೆಳಿಗ್ಗೆ ಹೀಗೆ ಒಮ್ಮೆ ಗಾಳಿಗೆ ಕೇಳಿ ಸುಮ್ಮನಾಗುತ್ತಾಳೆ. ಉತ್ತರ ಬೇಕೆಂದು ಕೇಳುವವರ ದನಿಯಲ್ಲ ಅದು; ಪದ್ಯದ ಮೊದಲರ್ಧ ಹೇಳಿ ಉಸಿರಿಗೆ ನಿಂತವರ ದನಿ. ಅವನು ಬೆಳೆದದ್ದು ಆ ನಿಲುಗಡೆಯಲ್ಲೇ. ಸಂಜೆ ಪಾತ್ರೆ ತೊಳೆಯುತ್ತಾ ಅಕ್ಕ ಪದ್ಯ ಹೇಳುತ್ತಿದ್ದಳು, ಸಾಲಿನ ನಡುವೆ ಬೇಕೆಂದೇ ನಿಲ್ಲುತ್ತಿದ್ದಳು, ಉಳಿದರ್ಧವನ್ನು ಅವನು ತುಂಬಬೇಕು. ತುಂಬಿದರೆ ತಲೆಯ ಮೇಲೊಂದು ಒದ್ದೆ ಕೈ, ತಪ್ಪಿದರೂ ಅದೇ ಒದ್ದೆ ಕೈ. ಈಗ ಆ ಪದ್ಯಗಳೆಲ್ಲ ಅವಳ ತಲೆಯಿಂದ ಹೋಗಿವೆ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ಆ ಮಧ್ಯಾಹ್ನ ಎಡಗೈಯ ಜೊತೆ ಅವೂ ಹೋದವು, ನಿಲುಗಡೆ ಮಾತ್ರ ಉಳಿಯಿತು. ಅವನು ಬೂಟಿನ ದಾರ ಕಟ್ಟುತ್ತಾ ತಲೆ ಎತ್ತಲಿಲ್ಲ. ಅಕ್ಕನ ಬಲಮುಷ್ಟಿ ಬಿಗಿಯಾಗಿ ಮುಚ್ಚಿದ್ದು ಕಂಡಿತ್ತು. ಮಾತ್ರೆ ಇರಬೇಕು, ನುಂಗದೆ ಹಿಡಿದುಕೊಂಡಿದ್ದಾಳೆ. ಬಿಡಿಸಲು ಕೂತರೆ ಹೊತ್ತು ಹೋಗುತ್ತದೆ, ವ್ಯಾನು ಬರುತ್ತದೆ, ಇವತ್ತಿನ ದಿನವೋ ಇಂಥದ್ದು. ಕಂಡದ್ದನ್ನು ಕಾಣಲಿಲ್ಲ ಎಂದುಕೊಳ್ಳುವುದು ಅವನಿಗೆ ಅಂಥ ಕಷ್ಟದ ಕೆಲಸವೇನಲ್ಲ.

“ನಿಮ್ಮಕ್ಕ ಮತ್ತೆ ಗ್ಯಾಸ್ ಹಚ್ಚೋಕೆ ಹೋಗಿದ್ರು,” ಅಂದಳು ಹೆಂಡತಿ, ರಕ್ತ ಪರೀಕ್ಷೆಯ ಲ್ಯಾಬಿನ ಬಿಳಿ ಕೋಟನ್ನು ಮಡಚಿ ಚೀಲಕ್ಕೆ ತುರುಕುತ್ತಾ. “ನಾನೇ ಎದ್ದು ಬಂದ್ ಮಾಡಿದೆ. ನೀವು ಗೊರಕೆ ಹೊಡೀತಿದ್ರಿ.”

“ಎಬ್ಬಿಸಬಾರದಿತ್ತಾ?”

“ಎಬ್ಬಿಸಿ ಏನು ಮಾಡ್ಲಿ. ಎದ್ದು ಸಲಹೆ ಕೊಡ್ತೀರಿ, ಅಷ್ಟೇ ತಾನೆ.”

ಅವನು ನಕ್ಕ. ನಕ್ಕದ್ದು ಅವಳಿಗೆ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿ ನಕ್ಕ. ಅವಳು ನಗಲಿಲ್ಲ. ಚೀಲದ ಜಿಪ್ಪು ಎಳೆದು, ಅಕ್ಕನ ಕೂದಲನ್ನು ಎರಡೇ ಎಳೆತಕ್ಕೆ ಬಾಚಿ ಕಟ್ಟಿ, ಬಾಗಿಲ ಹತ್ತಿರ ನಿಂತು ಹೇಳಿದಳು: “ಸಂಜೆ ನಂಗೊಂದು ಮಾತು ಹೇಳಿಬಿಡಿ. ಹಗಲುಮನೇಲಿ ಇವರ ಸೀಟು ಉಳೀತಾ, ಇಲ್ವಾ. ಇಲ್ಲ ಅಂದ್ರೆ ಊರಾಚೆ ಆ ಆರೈಕೆ ಕೇಂದ್ರಕ್ಕೆ ನಾನೇ ಫೋನ್ ಮಾಡ್ತೀನಿ. ಕೆಲಸ ಬಿಟ್ಟು ಮನೇಲಿ ಕೂರೋಕೆ ನಂಗಾಗಲ್ಲ, ನಿಮಗೂ ಆಗಲ್ಲ. ನೀವೇ ಹೊಗಳಿದ ಜಾಗ ಅಲ್ವಾ ಅದು.”

ಅವನೇ ಹೊಗಳಿದ ಜಾಗ, ಹೌದು. ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರನ್ನು ನೋಡಿಕೊಳ್ಳುವುದು ಹೇಗೆ ಎಂಬುದಕ್ಕೆ ಉದಾಹರಣೆಯಾಗಿ ಒಂದು ಸಭೆಯಲ್ಲಿ ಅದರ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದ್ದ. ಚಿತ್ರದಲ್ಲಿ ಬಾರದ ಸಂಗತಿಗಳು ಅವನ ಮೈಯಲ್ಲಿ ಉಳಿದಿದ್ದವು: ಫಿನಾಯಿಲು, ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಯಾವ ಸ್ಟೇಷನ್ನೂ ಹಿಡಿಯದೆ ಇಡೀ ದಿನ ಬುಸುಗುಡುವ ರೇಡಿಯೋ, ಕುರ್ಚಿಯ ಕೈಗಳಿಗೆ ಬಟ್ಟೆಯಿಂದ ಕಟ್ಟಿದ ಮಣಿಕಟ್ಟುಗಳು. “ಬೀಳಬಾರದು ಅಂತ,” ಅಂದಿದ್ದಳು ಅಲ್ಲಿನ ಮೇಲ್ವಿಚಾರಕಿ. “ಬಟ್ಟೆ ಮೆತ್ತಗಿದೆ, ಮುಟ್ಟಿ ನೋಡಿ ಸಾರ್.” ಅವನು ಮುಟ್ಟಿ ನೋಡಿದ್ದ. ಮೆತ್ತಗಿತ್ತು. ಮೆತ್ತಗಿದೆ ಎಂದು ಬಾಯಿಬಿಟ್ಟು ಹೇಳಿಯೂ ಇದ್ದ. ಆ ಬಟ್ಟೆಯಲ್ಲಿ ಕಟ್ಟಿಸಿಕೊಂಡಿದ್ದ ಹೆಂಗಸು ಅವನ ಮುಖವನ್ನೇ ನೋಡುತ್ತಿದ್ದಳು, ಅವನೇನಾದರೂ ಇನ್ನೊಂದು ಮಾತು ಹೇಳಬಹುದೇನೋ ಎಂಬಂತೆ.

ಹಗಲುಮನೆಯ ವ್ಯಾನು ಬಂತು. ಅಕ್ಕ ಅದನ್ನು ಹತ್ತುವಾಗ ಅವನು ಕಿಟಕಿಯಿಂದ ಈಚೆಗೆ ನಿಂತ. ಇದು ಕೆಲವು ತಿಂಗಳ ಅಭ್ಯಾಸ. ಅವನ ಕೆಲಸವೆಂದರೆ ಊರಿನ ಸಣ್ಣಪುಟ್ಟ ಸೇವಾಸಂಸ್ಥೆಗಳನ್ನು ಹೊಸ ಕಾಲಕ್ಕೆ ಒಗ್ಗಿಸುವುದು. ನಗರಾಡಳಿತ ವರ್ಷವರ್ಷವೂ ಕೊಡುತ್ತಿದ್ದ ಅನುದಾನ ನಿಂತಿದೆ. ಇನ್ನು ಮುಂದೆ ಅದು ಕೊಡುವುದಿಲ್ಲ, ಕೊಳ್ಳುತ್ತದೆ: ಇಷ್ಟು ಜನರಿಗೆ ಇಷ್ಟು ಹೊತ್ತಿನ ಆರೈಕೆ ಎಂದು ಟೆಂಡರು ಕರೆದು, ಸೀಟಿನ ಲೆಕ್ಕದಲ್ಲಿ, ಬೀದಿದೀಪ ಕೊಂಡ ಹಾಗೆ. ಅವನ ಸಂಬಳವೂ ಅದೇ ನಗರಾಡಳಿತದ್ದು. ಎದುರಿಗೆ ಅವನನ್ನು ಸಲಹೆಗಾರರು ಎನ್ನುತ್ತಾರೆ. ಬೆನ್ನ ಹಿಂದೆ ಅನ್ನುವುದು ‘ಅಳತೆಯವನು’ ಎಂದು, ಹೆಣದ ಪೆಟ್ಟಿಗೆಗೆ ಅಳತೆ ತೆಗೆಯುವವನು ಎಂಬ ಅರ್ಥದಲ್ಲಿ, ಅದು ಅವನ ಕಿವಿಗೂ ಬಿದ್ದಿದೆ. ಕುರುಡರಿಗೆ ಪುಸ್ತಕ ಓದಿ ಹೇಳುತ್ತಿದ್ದವರು ಅವನ ಮಾತು ಕೇಳಿ ಓದನ್ನು ನಿಮಿಷಗಳ ಲೆಕ್ಕದ ಘಟಕಗಳಾಗಿ ಒಡೆದರು, ಕಥೆಯ ನಡುವೆ ಗಡಿಯಾರ ಕೂಗಿದರೆ ಪುಸ್ತಕ ಮುಚ್ಚಿ ಎದ್ದು ಬರತೊಡಗಿದರು, ವರ್ಷ ತುಂಬುವ ಮೊದಲೇ ಬಾಗಿಲು ಹಾಕಿದರು. ಸೊಟ್ಟ ಕಾಲಿನವರಿಗೆ ಬೂಟು ಹೊಲಿದುಕೊಡುತ್ತಿದ್ದ ಮುದುಕ ಅವನ ಮಾತು ಕೇಳಿ ಒಂದು ದೊಡ್ಡ ಸಂಸ್ಥೆಯೊಳಗೆ ಸೇರಿಕೊಂಡ. ದೊಡ್ಡ ಸಂಸ್ಥೆ ಮುದುಕನ ಹೊಲಿಗೆ ಯಂತ್ರವನ್ನು ಮಾರಿತು. ಹೋಗುವ ಮುಂಚೆ ಮುದುಕ ಇವನಿಗೊಂದು ಜೊತೆ ಬೂಟು ಹೊಲಿದುಕೊಟ್ಟ. ಅಳತೆ ತೆಗೆಯಲಿಲ್ಲ. “ನಿಮ್ಮ ಕಾಲು ನನ್ನ ಕಣ್ಣಲ್ಲೇ ಇದೆ ಸಾರ್, ನಮ್ಮ ಹೊಸ್ತಿಲು ಎಷ್ಟು ಸಲ ದಾಟಿದ್ದೀರಿ,” ಅಂದ. ಆ ಬೂಟುಗಳೇ ಈಗ ಇವನ ಕಾಲಲ್ಲಿ. ಎಡಗಾಲಿನ ಕಿರುಬೆರಳನ್ನು ಅವು ಹಿಂಡುತ್ತವೆ. ಜೀವಮಾನವೆಲ್ಲ ಸೊಟ್ಟ ಕಾಲಿಗೆ ಸರಿಯಾದ ಬೂಟು ಹೊಲಿದವನು ನೆಟ್ಟಗಿನ ಕಾಲಿಗೆ ತಪ್ಪುವುದುಂಟೇ ಎಂಬ ಪ್ರಶ್ನೆ ಪ್ರತಿ ಹೆಜ್ಜೆಗೂ ಏಳುತ್ತದೆ, ಪ್ರತಿ ಹೆಜ್ಜೆಗೂ ಕೂರುತ್ತದೆ. ಆದರೂ ಅವನು ಅವನ್ನೇ ಹಾಕಿಕೊಳ್ಳುತ್ತಾನೆ. ನೋಡಿದವರು ಒಳ್ಳೆಯ ಬೂಟು ಎನ್ನುತ್ತಾರೆ.

ಕಿಟಕಿಯಿಂದ ಈಚೆಗೆ ನಿಲ್ಲಬೇಕಾದ ಕಾರಣ ಸಣ್ಣದು. ತಾನು ಸಲಹೆ ಕೊಡುವ ಸಂಸ್ಥೆಯಿಂದ ತನ್ನ ಮನೆಯವರು ಯಾರೂ ಉಪಕಾರ ಪಡೆಯಕೂಡದು ಎಂದು ಅವನ ಕಚೇರಿಯ ನಿಯಮ. ಅಕ್ಕ ಹಗಲುಮನೆಗೆ ಹೋಗತೊಡಗಿದ್ದು ಮೊದಲು. ಆ ಸಂಸ್ಥೆಯನ್ನು ಅವನಿಗೆ ವಹಿಸಿದ್ದು ಆಮೇಲೆ. ವಹಿಸಿದ ದಿನವೇ ಹೇಳಿಬಿಡಬಹುದಿತ್ತು. ಹೇಳಿದರೆ ಅದು ಇನ್ನೊಬ್ಬನ ಕೈಗೆ ಹೋಗುತ್ತದೆ, ನನ್ನ ಕೈಯಲ್ಲಿದ್ದರೆ ಉಳಿಸಬಹುದು ಎಂದುಕೊಂಡೆ ಎಂದು ಹೆಂಡತಿಗೆ ವಿವರಿಸಿದ್ದ. ನಿಜವೆಂದರೆ, ಮೇಲಿನವರು “ನಿಮ್ಮ ಕಡೆಯವರು ಯಾರೂ ಇಲ್ಲ ತಾನೆ” ಎಂದು ಕಾಗದದಿಂದ ತಲೆ ಎತ್ತದೆ ಕೇಳಿದಾಗ, ಅಕ್ಕನ ಜೊಲ್ಲು, ಅಕ್ಕನ ಸೋತ ಕೈ, ಊಟದ ಹೊತ್ತಿಗೆ ಅವಳು ಮಾಡುವ ಸದ್ದು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು, ಆ ಅಚ್ಚುಕಟ್ಟಾದ ಕೋಣೆಯಲ್ಲಿ ಅವನ್ನು ತನ್ನವೆಂದು ಹೇಳಲು ನಾಚಿಕೆಯಾಯಿತು. ಅಷ್ಟೆ. ಇನ್ನು ಈಗ ತಿಳಿದರೆ ಕೆಲಸ ಹೋಗುತ್ತದೆ. ನಾಚಿಕೆ ಹೀಗೆ ನಿಯಮದ ಬೆನ್ನ ಹಿಂದೆ ಹೋಗಿ ಕೂತು, ಹೊರಗಿನಿಂದ ನೋಡಿದವರಿಗೆ ಶಿಸ್ತಿನ ಹಾಗೆ ಕಾಣತೊಡಗಿತ್ತು.

ಹಗಲುಮನೆ ಹಿಂದೆ ಒಂದು ಬ್ಯಾಂಕಿನ ಶಾಖೆಯಾಗಿತ್ತು. ಬ್ಯಾಂಕು ಹೋದರೂ ಕೌಂಟರಿನ ಕಂಬಿಗಳು, ಖಜಾನೆ ಕೋಣೆಯ ದಪ್ಪ ಬಾಗಿಲು, ನೆಲದಲ್ಲಿ ಸಾಲು ನಿಂತವರ ಕಾಲಿಗೆ ಸವೆದ ಜಾಡು ಹಾಗೇ ಇದ್ದವು. ಖಜಾನೆಯಲ್ಲಿ ಈಗ ಹಾಸಿಗೆ, ಟವೆಲು, ಸುಸ್ತಾದವರು ಮಲಗುವ ಜಾಗ. ಬರುವವರು ಮರೆವಿನವರು, ಕೈಕಾಲು ಸೋತವರು, ಮನೆಯಲ್ಲಿ ಒಬ್ಬರನ್ನೇ ಬಿಡಲಾಗದವರು. ಆದರೆ ಅಲ್ಲಿ ನೋಡಿಕೊಳ್ಳುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಕಾಲಿಲ್ಲದವರು ಕೂತಲ್ಲೇ ತರಕಾರಿ ಹೆಚ್ಚುತ್ತಾರೆ, ಕಣ್ಣು ಮಂಜಾದವರು ಬಟ್ಟೆ ಮಡಚುತ್ತಾರೆ. ಬ್ಯಾಂಕಿನವರು ಬಿಟ್ಟುಹೋದ ಹಿತ್ತಾಳೆ ಬಿಲ್ಲೆಯೊಂದಿದೆ, ಹಿಂದೆ ಸಾಲಿನಲ್ಲಿ ನಿಂತವರಿಗೆ ಕೊಡುತ್ತಿದ್ದದ್ದು. ಅದು ಯಾರ ಹತ್ತಿರ ಇರುತ್ತದೋ ಆ ದಿನದ ಸರದಿ ಅವರದು: ಅವರೇ ಬಾಗಿಲು ತೆಗೆಯಬೇಕು, ಬಂದವರಿಗೆ ನೀರು ಕೊಡಬೇಕು, ಊಟಕ್ಕೆ ಮುಂಚೆ ಎಲ್ಲರನ್ನೂ ಕರೆಯಬೇಕು. ಸಂಜೆ ಹೋಗುವಾಗ ತಮಗೆ ಬೇಕಾದವರ ಕೈಗೆ ಅದನ್ನು ದಾಟಿಸಬೇಕು. ಹೆಸರು ಮರೆತವರೂ ಬಿಲ್ಲೆಯನ್ನು ಮರೆಯುವುದಿಲ್ಲ ಎಂದು ಮೇಷ್ಟ್ರಮ್ಮ ಹೇಳುತ್ತಿದ್ದರು. ಮೇಷ್ಟ್ರಮ್ಮ ಎಂದರೆ ಹಗಲುಮನೆಯನ್ನು ನಡೆಸುವವರು. ಶಾಲೆಯ ಕೆಲಸ ಮುಗಿದ ಮೇಲೂ ಆ ಹೆಸರು ಬಿಟ್ಟಿರಲಿಲ್ಲ.

“ಯಾರಿಗೆ ಆರೈಕೆ, ಯಾರು ಮಾಡೋರು ಅಂತ ನೋಡೋಕೆ ಬರೋ ಅಧಿಕಾರಿಗೆ ಕಾಣಬೇಕು ಮೇಷ್ಟ್ರಮ್ಮ,” ಎಂದು ಅವನು ಹೋದ ವಾರ ಹೇಳಿದ್ದ. “ಕಾಣದೇ ಇದ್ದದ್ದನ್ನ ಅವರು ಕೊಳ್ಳಲ್ಲ.” ಆರೈಕೆ ಬೇಕಾದವರ ಮಣಿಕಟ್ಟಿಗೆ ನೀಲಿ ರಿಬ್ಬನ್, ಕೆಲಸದವರ ಕೊರಳಿಗೆ ಬಿಳಿ ಕಾರ್ಡು ಎಂಬುದು ಅವನ ಯೋಚನೆ.

“ಹಂಗಾದ್ರೆ ಹಣೆಗೆ ಬೆಲೆಚೀಟಿ ಅಂಟಿಸಿಬಿಡಿ ಸಾರ್. ಚೌಕಾಸಿಗೂ ಅನುಕೂಲ.”

“ಒಂದು ದಿನದ ಮಾತು.”

“ಎಲ್ಲಾನೂ ಒಂದೊಂದು ದಿನದ ಮಾತೇ,” ಎಂದು ಅವರು ರಿಬ್ಬನ್ನಿನ ಸುರುಳಿಯನ್ನು ತೆಗೆದುಕೊಂಡಿದ್ದರು. ಆ ದಿನದ ಬಿಲ್ಲೆ ಅಡುಗೆಯವಳ ಹತ್ತಿರವೋ ವ್ಯಾನಿನ ಡ್ರೈವರ್ ಹತ್ತಿರವೋ ಇರಲಿ ಎಂದೂ ಅವನು ಕೇಳಿಕೊಂಡಿದ್ದ. “ಅದು ನನ್ನ ಕೈಲಿಲ್ಲ. ಇಟ್ಕೊಂಡೋರು ಕೊಡಬೇಕು. ಹೇಳಿ ನೋಡ್ತೀನಿ.” ಹೇಳಿಯೂ ಇದ್ದರು. ಹಿಂದಿನ ದಿನ ಬಿಲ್ಲೆ ಇದ್ದದ್ದು ಕೋರ್ಟು ತಾತನ ಹತ್ತಿರ. ನ್ಯಾಯಾಲಯದ ಬಾಗಿಲಲ್ಲಿ ನಿಂತು ಹೆಸರು ಕೂಗುವುದು ಆ ತಾತನ ಹಳೆಯ ಕೆಲಸ. ಈಗಲೂ ಯಾರು ಒಳಗೆ ಬಂದರೂ “ಹಾಜರ್” ಎಂದು ಕೂಗುತ್ತಾನೆ. ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ತಾತ ಸಂಜೆ ಬಿಲ್ಲೆಯನ್ನು ತನಗೆ ಬೇಕಾದವರ ಕೈಗೇ ಕೊಟ್ಟು ಹೋಗಿದ್ದ. ಅದು ಇವನಿಗೆ ತಿಳಿದದ್ದು ನಗರಾಡಳಿತದ ಖರೀದಿ ಅಧಿಕಾರಿ ಬಾಗಿಲು ತಟ್ಟಿದಾಗ.

ಅಧಿಕಾರಿಯನ್ನು ಎದುರುಗೊಳ್ಳಲು ಅವನು ಮೊದಲೇ ಹಿಂಬಾಗಿಲಿಂದ ಬಂದು ಒಳಗೆ ನಿಂತಿದ್ದ. ಎಲ್ಲರೂ ಕುರ್ಚಿಗಳಲ್ಲಿ, ಮಣಿಕಟ್ಟುಗಳಲ್ಲಿ ನೀಲಿ. ಅಕ್ಕ ಎಲ್ಲಿದ್ದಾಳೆ ಎಂದು ಅವನು ನೋಡಿರಲಿಲ್ಲ. ನೋಡದಿರುವುದನ್ನು ವ್ಯಾನಿನ ಹಿಂದೆ ಬಸ್ಸಿನಲ್ಲಿ ಬರುವಾಗಲೇ ಅಭ್ಯಾಸ ಮಾಡಿಕೊಂಡು ಬಂದಿದ್ದ. ತಟ್ಟಿದ ಸದ್ದಿಗೆ ತಾತ “ಹಾಜರ್” ಎಂದು ಕೂಗಿದ. ಕಂಬಿಗಳ ಹಿಂದಿನಿಂದ ಒಬ್ಬಳು ಎದ್ದಳು. ಬಲಗೈಯಲ್ಲಿ ನೀರಿನ ಹೂಜಿ, ಎಡಗಾಲನ್ನು ನೆಲಕ್ಕೆ ಸವರುತ್ತಾ ನಡೆದು ಬಂದು, ಹೂಜಿಯನ್ನು ಕಿಟಕಿಕಟ್ಟೆಯ ಮೇಲಿಟ್ಟು, ಚಿಲಕ ತೆಗೆದಳು. ಅವಳ ಎದೆಯ ಮೇಲೆ ಪಿನ್ನಿನಿಂದ ಚುಚ್ಚಿದ ಹಿತ್ತಾಳೆ ಬಿಲ್ಲೆ, ಯಾರೋ ಬೂದಿ ಹಚ್ಚಿ ತಿಕ್ಕಿದ್ದರು, ಹೊಳೆಯುತ್ತಿತ್ತು. ಬೆಳಗಿನ ಮುಷ್ಟಿ ಅವನ ಮನಸ್ಸಿನಲ್ಲಿ ಆಗ ತೆರೆಯಿತು. ಅವಳ ಮಣಿಕಟ್ಟಿನಲ್ಲಿ ರಿಬ್ಬನ್ ಇರಲಿಲ್ಲ.

“ಬನ್ನಿ,” ಅಂದಳು ಅಕ್ಕ. ಇಷ್ಟು ಸ್ಪಷ್ಟವಾದ ಮಾತನ್ನು ಮನೆಯಲ್ಲಿ ಅವನು ಕೇಳಿ ಎಷ್ಟು ದಿನವಾಗಿತ್ತೋ. “ನೀರು ಕುಡೀರಿ. ಇವತ್ತು ನನ್ನ...”

ಅಲ್ಲಿ ನಿಂತಳು. ಪದ ಸಿಗಲಿಲ್ಲ. ದಿನವೂ ಬೆಳಿಗ್ಗೆ ಗಾಳಿಗೆ ಕೇಳುವ ಆ ಒಂದೇ ಪದ, ಬೇಕಾದ ಹೊತ್ತಿಗೆ ಎಲ್ಲೋ ಹೋಗಿ ಕೂತಿತ್ತು. ತುಟಿ ಎರಡು ಸಲ ಆಡಿತು. ಆಮೇಲೆ ಅವಳು ತಲೆ ತಿರುಗಿಸಿ ಅವನನ್ನು ನೋಡಿದಳು. ಅದು ಬೇಡುವ ನೋಟವಲ್ಲ. ಅರ್ಧ ನಾನು ಹೇಳಿದ್ದೇನೆ, ಇನ್ನರ್ಧ ನಿನ್ನದು ಎಂಬ ಹಳೆಯ, ಸಂದೇಹವಿಲ್ಲದ ನೋಟ. ಪದ ಅವನ ನಾಲಗೆಯ ಮೇಲೇ ಇತ್ತು. ಅಧಿಕಾರಿಯೂ ಅವಳ ಕಣ್ಣು ಹೋದ ಕಡೆ ತಿರುಗಿ ಅವನನ್ನು ನೋಡಿದ. ಚಿಕ್ಕಂದಿನಲ್ಲಿ ಶಾಲೆಯ ಪದ್ಯದ ಸ್ಪರ್ಧೆಯಲ್ಲಿ ಅವನಿಗೆ ಒಂದು ಸಾಲು ತಪ್ಪಿತ್ತು. ತಲೆ ಎತ್ತಿದರೆ ಕಿಟಕಿಯ ಆಚೆ ಅಕ್ಕ, ಸರಳಿಗೆ ಮುಖ ಒತ್ತಿಕೊಂಡು, ತುಟಿಯಲ್ಲೇ ಆ ಸಾಲನ್ನು ಆಡಿಸುತ್ತಿದ್ದಳು. ಹುಡುಗರು ಅವಳ ಕಡೆ ತಿರುಗಿ ನಗತೊಡಗಿದ್ದರು. ಅವನು ಆ ತುಟಿಗಳಿಂದ ಸಾಲನ್ನು ತೆಗೆದುಕೊಳ್ಳಲಿಲ್ಲ. ಮರೆತವನಾಗಿಯೇ ನಿಂತು, ಮರೆತವನಾಗಿಯೇ ಇಳಿದು ಬಂದ. ಆ ಸಂಜೆ ಅಕ್ಕ ಬೈಯಲಿಲ್ಲ. ಕಿಟಕಿ ದೂರ ಇತ್ತು, ನಿಂಗೆ ಕಾಣಲಿಲ್ಲ ಅಲ್ವಾ ಅಂದಳು. ಹೂಂ ಅಂದಿದ್ದ.

“ಇವರು ಯಾರು?” ಎಂದು ಕೇಳಿದ ಅಧಿಕಾರಿ, ಮೃದುವಾಗಿ.

“ಕೆಲಸದವರು ಸಾರ್,” ಅಂದ ಅವನು. “ಇಲ್ಲಿ ಕೆಲಸ ಮಾಡೋರು.”

ಅಕ್ಕನ ಮುಖ ಬೆಳಗಿತು. ಕೈಗೆ ಸಿಕ್ಕಿದ್ದು ಬೇರೆ ಪದವಾದರೂ ಸಿಕ್ಕಿತಲ್ಲ ಎಂಬ ಬೆಳಗು. “ಹೌದು. ಕೆಲಸ,” ಅಂದಳು. “ಇಲ್ಲಿ ಕೆಲಸ ಮಾಡೋಳು.” ಮತ್ತೆ ಅದನ್ನೇ, ಪದ್ಯದ ಸಾಲನ್ನು ಗಟ್ಟಿ ಮಾಡಿಕೊಳ್ಳುವವಳ ಹಾಗೆ, ಒಳಗೊಳಗೇ ಹೇಳಿಕೊಂಡಳು. ಲೋಟಕ್ಕೆ ನೀರು ಬಗ್ಗಿಸಿ ಅಧಿಕಾರಿಗೆ ಹಿಡಿದಳು. ಅವನು ತನ್ನ ಚೀಲದ ಬಾಟಲಿಯನ್ನು ತೋರಿಸಿ ಬೇಡವೆಂದ. ಲೋಟ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಇವನ ಕಡೆ ತಿರುಗಿತು.

“ನೀವು ಸಾರ್?”

ಅವನು ತೆಗೆದುಕೊಂಡ. ಒಂದೇ ಗುಟುಕಿಗೆ ಕುಡಿದು ಲೋಟ ವಾಪಸು ಕೊಟ್ಟ. “ಥ್ಯಾಂಕ್ಸಮ್ಮ,” ಅಂದ. ಅಂದ ಮೇಲೆ ಆ ‘ಅಮ್ಮ’ ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಎಷ್ಟೋ ಸಂಸ್ಥೆಗಳ ಎಷ್ಟೋ ಹೆಂಗಸರಿಗೆ ಹೇಳಿ ಹೇಳಿ ನುಣುಪಾದ ಮಾತು.

ಅಧಿಕಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಚೆನ್ನಾಗಿತ್ತು. “ನಾನು ಇದಕ್ಕೆಲ್ಲ ಹೊಸಬ,” ಎಂದು ಅವನು ಕೌಂಟರುಗಳ ನಡುವೆ ನಿಧಾನವಾಗಿ ನಡೆಯುತ್ತಾ ಹೇಳಿದ. “ಇದುವರೆಗೆ ಪೈಪು, ದೀಪ ಅಂತಿದ್ದೆ. ಪೈಪು ಮಾತಾಡಲ್ಲ, ನೋಡಿ. ಉದ್ದ ಅಳೆದ್ರೆ ಮುಗೀತು.” ಒಬ್ಬೊಬ್ಬರ ಮುಂದೆಯೂ ಬಗ್ಗಿ ನಮಸ್ಕಾರ ಮಾಡಿದ. ಕೋರ್ಟು ತಾತ ಅವನ ಕೈ ಹಿಡಿದುಕೊಂಡು, ನಿಮ್ಮ ಕೇಸು ಮುಂದಕ್ಕೆ ಹೋಗಿದೆ, ಇವತ್ತು ಮನೆಗೆ ಹೋಗಿ ಎಂದ. ಅವನು ಆಗಲಿ ಎಂದು ನಕ್ಕ. ಅಕ್ಕ ಎಲ್ಲ ಕಡೆಯೂ ಅವರ ಹಿಂದೆ ಬರುತ್ತಿದ್ದಳು. ಕೆಲಸ ಇದೆ ಎಂದು ತಿಳಿದ ಮೇಲೆ ಅವಳು ಕೂರಲಿಲ್ಲ. ಬಿದ್ದ ಟವೆಲನ್ನು ಎತ್ತಿಕೊಂಡಳು, ತಾತನ ಬಾಯಿ ಒರೆಸಿದಳು, ತನ್ನ ಬಾಯಿಯಿಂದ ಇಳಿದದ್ದನ್ನು ಮಾತ್ರ ಒರೆಸಿಕೊಳ್ಳಲಿಲ್ಲ. “ಪಾಪ, ಈ ಸ್ಥಿತೀಲೂ ಕೆಲಸಕ್ಕೆ ಬರ್ತಾರಾ,” ಎಂದು ಅಧಿಕಾರಿ ತಗ್ಗಿದ ದನಿಯಲ್ಲಿ ಕೇಳಿದ. “ಇಂಥವರಿಗೆ ಕೆಲಸ ಕೊಟ್ಟಿದ್ದೀರಲ್ಲ, ದೊಡ್ಡ ವಿಷಯ.” ಇವನು ಹೌದು ಸಾರ್ ಅಂದ. ಕಿರುಬೆರಳು ಬೂಟಿನೊಳಗೆ ಬೆಂಕಿಯಾಗಿತ್ತು. ಹೊಗಳಿಕೆಯನ್ನು ಕೇಳುತ್ತಾ ನಿಂತವನ ಮುಖ ಹೇಗಿರಬೇಕೋ ಹಾಗೆ ಮುಖವನ್ನು ಹಿಡಿದುಕೊಂಡ.

ಕೊನೆಗೆ ಅಧಿಕಾರಿ ಹೇಳಿದ: “ಊಟ ಆದ್ಮೇಲೆ ನೀಲಿ ರಿಬ್ಬನ್ ಇದ್ದವರನ್ನ ಎಣಿಸ್ಕೊಂಡು ಹೊರಡ್ತೀನಿ. ಎಷ್ಟು ಕೈಗೆ ನೀಲಿ ಇದೆಯೋ ಅಷ್ಟು ಸೀಟು. ಆಮೇಲೆ ಸೇರಿಸಿ ಅಂದ್ರೆ ನನ್ನ ಕೈಲೂ ಆಗಲ್ಲ, ಅದಕ್ಕೇ ಈಗಲೇ ಹೇಳಿದೆ.” ಕೆಲಸದವರ ಖರ್ಚು ಸಂಸ್ಥೆಯದೇ ಎಂದು ಟೆಂಡರಿನಲ್ಲಿ ಇದೆ, ಕೆಲಸದವರನ್ನು ನೋಡಿಕೊಳ್ಳಲು ನಗರಾಡಳಿತ ಹಣ ಕೊಡುವುದಿಲ್ಲ. ಆ ಸಾಲು ಸರಳವಾಗಿರಲಿ ಎಂದು ತಿದ್ದಿಕೊಟ್ಟವನು ಇವನೇ.

ಮೇಷ್ಟ್ರಮ್ಮ ಅಡುಗೆಕೋಣೆಯಲ್ಲಿ ಸೌಟು ತೊಳೆಯುತ್ತಿದ್ದರು. ಅವನು ಬಾಗಿಲನ್ನು ಅರ್ಧ ಮುಚ್ಚಿದ.

“ಅವರಿಗೆ ರಿಬ್ಬನ್ ಕಟ್ಟಿರಲಿಲ್ವಾ?”

“ಯಾರಿಗೆ ಸಾರ್?”

“ಅದೇ. ಬಾಗಿಲು ತೆಗೆದ್ರಲ್ಲ, ಅವರಿಗೆ.”

“ನಿಮ್ಮಕ್ಕನಿಗಾ?” ಮೇಷ್ಟ್ರಮ್ಮ ತಿರುಗಲಿಲ್ಲ. “ಗೊತ್ತು ಸಾರ್. ಅವರು ಬಂದ ಹೊಸದರಲ್ಲೇ, ನನ್ನ ತಮ್ಮ ದೊಡ್ಡ ಕಚೇರೀಲಿ ಇದ್ದಾನೆ, ಬಂದು ನೋಡ್ತಾನೆ ಅಂತ ಎಲ್ಲರಿಗೂ ಹೇಳಿದ್ರು. ಆಮೇಲೆ ನೀವು ಬಂದ್ರಿ. ನೀವು ಮಾತಾಡಿಸಲಿಲ್ಲ. ಅವತ್ತಿಂದ ಅವರೂ ಆ ಮಾತು ತೆಗೀಲಿಲ್ಲ. ನಾವು ಯಾಕೆ ತೆಗೀಬೇಕು.” ಸೌಟನ್ನು ಮೊಳೆಗೆ ತಗುಲಿಸಿದರು. “ಬೆಳಿಗ್ಗೆ ಕಟ್ಟಿದ್ದೆ. ಬಿಲ್ಲೆ ಇರೋ ದಿನ ನಂಗ್ಯಾಕೆ ಇದು ಅಂತ ಬಿಚ್ಚಿ ಹೂಜಿಗೆ ಕಟ್ಟಿಬಿಟ್ರು. ಪರವಾಗಿಲ್ಲ, ಸಾಹೇಬ್ರು ಬಂದಾಗ ನೀವು ಹೇಳ್ತೀರಿ ಅಂದ್ಕೊಂಡೆ.”

“ಈಗ ನೀವು ಹೇಳಿ. ಕೆಲಸದವರಲ್ಲ, ಇಲ್ಲಿ ಆರೈಕೆಗೆ ಬರೋರು ಅಂತ.”

“ನೀವು ಹೌದು ಅಂದಿದ್ದನ್ನ ನಾನು ಅಲ್ಲ ಅಂದ್ರೆ ಅವರು ಬಾಕಿ ರಿಬ್ಬನ್‌ಗಳನ್ನೂ ಬಿಚ್ಚಿಸಿ ನೋಡ್ತಾರೆ. ಒಬ್ಬರ ಸೀಟಿಗೆ ಎಲ್ಲರ ಸೀಟು ಹೋಗುತ್ತೆ. ನೀವೇ ಹೇಳಿಬಿಡಿ ಸಾರ್. ತಪ್ಪಿ ಬಾಯಿಗೆ ಬಂತು, ಇವರು ನನ್ನಕ್ಕ ಅಂತ. ಒಂದು ಉಸಿರಿನ ಮಾತು.”

“ನನ್ನ ಕೆಲಸ ಹೋಗುತ್ತೆ.”

“ಹೌದಲ್ವಾ,” ಅಂದರು ಮೇಷ್ಟ್ರಮ್ಮ. ಚುಚ್ಚುವ ದನಿಯಿರಲಿಲ್ಲ, ಅದೊಂದು ವಿಷಯ ಇದೆ ಎಂದು ಒಪ್ಪಿಕೊಂಡ ದನಿ ಅಷ್ಟೆ. “ಹಂಗಾದ್ರೆ ಅವರೇ ಕಟ್ಟಿಸ್ಕೊಂಡು ಹೋಗಿ ಸಾಲಲ್ಲಿ ಕೂರಬೇಕು. ಸಾಹೇಬ್ರು ಕೈ ನೋಡ್ತಾರೆ, ಮುಖ ನೋಡಲ್ಲ. ನೀವು ಕೇಳಿ ನೋಡಿ. ತಮ್ಮ ಕೇಳಿದ್ರೆ ಇಲ್ಲ ಅಂತಾರಾ.”

ಹೂಜಿಯ ಕತ್ತಿಗೆ ರಿಬ್ಬನ್ ಒದ್ದೆಯಾಗಿ ಅಂಟಿಕೊಂಡಿತ್ತು. ಒಂದೇ ಕೈಯಿಂದ, ಹಲ್ಲಿನ ಸಹಾಯದಿಂದ ಹಾಕಿದ ಗಂಟು. ಬಿಚ್ಚಲು ಅವನಿಗೆ ಎರಡು ಕೈಗಳೂ ಸಾಲಲಿಲ್ಲ, ಅವನೂ ಹಲ್ಲು ಹಚ್ಚಿದ. ಹೊರಗೆ ಊಟದ ತಟ್ಟೆಗಳು ಎದ್ದವು. ಅಧಿಕಾರಿಯ ದನಿ ಮೊದಲ ಕೌಂಟರಿನ ಹತ್ತಿರ ಎಣಿಸತೊಡಗಿತು, ಒಬ್ಬೊಬ್ಬರ ಕೈಯನ್ನೂ ಹಿಡಿದು, ಅವಸರವಿಲ್ಲದೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ.

ಅಕ್ಕ ಖಜಾನೆ ಕೋಣೆಯಲ್ಲಿ ಕೂತು ಟವೆಲು ಮಡಚುತ್ತಿದ್ದಳು. ಗಲ್ಲದಿಂದ ಒಂದು ಅಂಚನ್ನು ಎದೆಗೆ ಒತ್ತಿ, ಬಲಗೈಯಿಂದ ಇನ್ನೊಂದು ಅಂಚನ್ನು ಎಳೆದು, ಮಡಿಕೆ ಸೊಟ್ಟವಾದರೆ ಮತ್ತೆ ಬಿಡಿಸುತ್ತಿದ್ದಳು. ಅವನು ಒಳಗೆ ಬಂದದ್ದನ್ನು ನೋಡಿ ಎದ್ದು ನಿಂತಳು. ಅವನಿಗಾಗಿ ಅಕ್ಕ ಎದ್ದು ನಿಂತದ್ದು ಹುಟ್ಟಿದ ಮೇಲೆ ಇದೇ ಮೊದಲು.

“ಕೂತ್ಕೊಳ್ಳಿ... ಕೂತ್ಕೋ,” ಅಂದ. ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ. “ಅಕ್ಕ, ಇದನ್ನ ಕಟ್ಟಿಸ್ಕೊ. ಸ್ವಲ್ಪ ಹೊತ್ತು. ಕಟ್ಟಿಸ್ಕೊಂಡು ಹೋಗಿ ಅಲ್ಲಿ ಸಾಲಲ್ಲಿ ಕೂತ್ಕೊ.”

ಅವಳು ರಿಬ್ಬನ್ ನೋಡಿದಳು. “ಅದು ಅವರದು,” ಅಂದಳು, ಹೊರಗಿನವರ ಕಡೆ ಗಲ್ಲ ತೋರಿಸಿ. “ನಾನು ಇಲ್ಲಿ ಕೆಲಸ ಮಾಡೋಳು.”

“ಅಲ್ಲ ಅಕ್ಕ. ನಾನು ಸುಮ್ನೆ ಹೇಳಿದ್ದು.”

“ಸುಮ್ನೆ ಹೇಳಲ್ಲ ಸಾರ್ ನೀವು. ದೊಡ್ಡ ಕಚೇರಿಯವರು.”

ಅವಳ ಕಣ್ಣುಗಳಲ್ಲಿ ಅವನು ಹುಡುಕಿದ. ಗೊತ್ತಿದ್ದು ಹೇಳುತ್ತಿದ್ದಾಳೋ ಗೊತ್ತಿಲ್ಲದೆಯೋ ಎಂದು ಹುಡುಕಿದ. ಗೊತ್ತಿಲ್ಲದಿರಲಿ ಎಂದು ಆಸೆಪಡುತ್ತಾ ಹುಡುಕಿದ. ಅಲ್ಲಿ ಏನೂ ಸಿಗಲಿಲ್ಲ, ಬಾಗಿಲಿನ ಬೆಳಕಿತ್ತು. ಎಣಿಕೆಯ ದನಿ ಎರಡನೆಯ ಕೌಂಟರಿಗೆ ಬಂದಿತ್ತು. ಆಗ ಅವನಿಗೆ ಇನ್ನೇನೂ ತೋಚದೆ, ಅವಳು ಪಾತ್ರೆ ತೊಳೆಯುತ್ತಾ ಎಲ್ಲಕ್ಕಿಂತ ಮೊದಲು ಕಲಿಸಿದ್ದ ಪದ್ಯದ ಮೊದಲರ್ಧವನ್ನು ಪಿಸುದನಿಯಲ್ಲಿ ಹೇಳಿ, ಅವಳು ನಿಲ್ಲುತ್ತಿದ್ದ ಕಡೆಯಲ್ಲೇ ನಿಂತ. ಉಸಿರು ಹಿಡಿದು ಕಾದ. ಅಕ್ಕ ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳಿದಳು. ಟವೆಲಿನ ಮೇಲೆ ಅವಳ ಬೆರಳು ಉಳಿದರ್ಧದ ತಾಳವನ್ನು ತಪ್ಪಿಲ್ಲದೆ ತಟ್ಟಿ ಮುಗಿಸಿತು. ಬಾಯಿಗೆ ಮಾತು ಬರಲಿಲ್ಲ, ಬರಬೇಕು ಎಂಬ ಕಷ್ಟವೂ ಮುಖದಲ್ಲಿ ಕಾಣಲಿಲ್ಲ.

“ಚೆನ್ನಾಗಿ ಹೇಳ್ತೀರಿ ಸಾರ್,” ಅಂದಳು. “ಯಾರು ಕಲಿಸಿದ್ದು?”

ಬಾಗಿಲಲ್ಲಿ ನೆರಳು ಬಿತ್ತು. ಅಧಿಕಾರಿ ಪೆನ್ನು ಹಿಡಿದು ನಿಂತಿದ್ದ, ತಾನೇನೋ ಮಾತಿನ ನಡುವೆ ಬಂದೆನೆಂಬ ಸಂಕೋಚದಲ್ಲಿ ನಗುತ್ತಿದ್ದ. “ಇಲ್ಲಿ ನೀಲಿ ಯಾರಾದ್ರೂ ಇದ್ದಾರಾ?”

ಉತ್ತರಕ್ಕೆ ‘ಅಕ್ಕ’ ಎಂಬ ಒಂದೇ ಪದ ಸಾಕಾಗಿತ್ತು, ಅವಳು ಕೇಳಿದ್ದಕ್ಕೂ ಅಧಿಕಾರಿ ಕೇಳಿದ್ದಕ್ಕೂ ಅದೇ ಪದ. ಅವನು ಅದನ್ನು ಹೇಳಲಿಲ್ಲ. ಒದ್ದೆ ರಿಬ್ಬನ್ನನ್ನು ಎರಡು ಕೈಯಲ್ಲೂ ಚಾಚಿ ಹಿಡಿದುಕೊಂಡು, ಆ ಮಣಿಕಟ್ಟಿನ ಕಡೆ ಬಗ್ಗಿ, ಅಧಿಕಾರಿಗೂ ಕೇಳಿಸಬಹುದಾದ, ಯಾರಿಗೆ ಬೇಕಾದರೂ ಹೇಳಬಹುದಾದ ದನಿಯಲ್ಲಿ, “ಕಟ್ಟಿಸ್ಕೊಳ್ಳಿ ಅಮ್ಮ, ದಮ್ಮಯ್ಯ,” ಅಂದ.

ಅಕ್ಕ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ಇಲ್ಲ ಸಾರ್,” ಅಂದಳು. “ಕಟ್ಟಿಸ್ಕೊಳ್ಳಲ್ಲ.”